ಆಷಾಢದಲ್ಲಿ ಸಹಿ ಹಾಕೋದಿಲ್ಲ

೨ ಜುಲೈ ೨೦೦೪, ಶುಕ್ರವಾರ

ಸಾಲವನ್ನೂ ಮಾರುತ್ತಾರಂತೆ! ಎಮ್ಮೆ ಮಾರುವುದನ್ನು ಕಂಡಿದ್ದೇನೆ, ಸೈಟು ಮಾರುವುದನ್ನು ಕಂಡಿದ್ದೇನೆ, ಹಳೇ ಪೇಪರು ಖಾಲಿ ಸೀಸೆ ಮಾರುವುದನ್ನೂ ಕಂಡಿದ್ದೇನೆ. ನಾನು ಮಾಡಿದ ಸಾಲವನ್ನು ನನಗೆ ಒಂದು ಮಾತೂ ಹೇಳದೆ ಒಬ್ಬ ಮಾರಿ, ಇನ್ನೊಬ್ಬ ಕೊಂಡು, ವಸೂಲಿಗೆ ಮೂರನೆಯವನನ್ನು ನನ್ನ ಬಾಗಿಲಿಗೆ ಕಳಿಸಿದ್ದನ್ನು ಮಾತ್ರ ಇವತ್ತೇ ಕಂಡದ್ದು.

ಬೆಳಿಗ್ಗೆ ಮಿಲ್ಲಿನಲ್ಲಿ ರಾಗಿ ಬೀಸುತ್ತಿದ್ದೆ. ಎಂಟು ಹತ್ತು ಡಬ್ಬ ಸಾಲಿನಲ್ಲಿದ್ದವು. ಟೈ ಕಟ್ಟಿಕೊಂಡ ಹುಡುಗನೊಬ್ಬ ಬೈಕಿನಿಂದ ಇಳಿದ. ಹೆಸರು ಭೀಮೇಶ್ ಅಂತೆ. ಮೋಟರಿನ ಸದ್ದಿನಲ್ಲಿ ಕೇಳಲೆಂದು ಗಂಟಲು ಹರಿಯುವ ಹಾಗೆ ಕೂಗಿದ. "ಮೇಡಂ, ನಿಮ್ಮ ಹೌಸಿಂಗ್ ಲೋನ್ ನಮ್ಮ ಕಂಪನಿಗೆ ಬಂದಿದೆ. ಆರು ತಿಂಗಳು ಕಂತು ಬಾಕಿ ಇದೆ!" ಸಾಲಿನಲ್ಲಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಹಿಟ್ಟಿನ ಮಿಲ್ಲಿನಲ್ಲಿ ಬಿದ್ದ ಮಾತು ಸಂಜೆಯೊಳಗೆ ನಮ್ಮ ಸಾರಕ್ಕಿ ಬಡಾವಣೆ ಪೂರ್ತಿ ಸುತ್ತುತ್ತದೆ. ಮೋಟರು ನಿಲ್ಲಿಸಿ ಅವನನ್ನು ದರದರ ಒಳಗೆ ಎಳೆದುಕೊಂಡು ಹೋದೆ.

ಬಾಕಿ ಅಂತೆ ಬಾಕಿ! ಹೋದ ವರ್ಷ ಗಣೇಶನ ಹಬ್ಬದ ಮಾರನೇ ದಿನ ಇವರು ಹಿಟ್ಟಿನ ಡಬ್ಬ ಎತ್ತಲು ಹೋಗಿ ಅಲ್ಲೇ ಕುಸಿದರು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಾಲು ಅರ್ಧ ವಾಪಸ್ ಬಂದಿದೆ. ಮಾತು ಬರುತ್ತದೆ, ಆದರೆ ಒಂದು ಮಾತು ಬಾಯಿಂದ ಹೊರಡುವುದರೊಳಗೆ ಒಂದು ಸೇರು ರಾಗಿ ಬೀಸಿ ಆಗುತ್ತದೆ. ಆಗ ಹಳೆ ಕಂಪನಿಯ ಮ್ಯಾನೇಜರು ರಾಮಯ್ಯನವರು ಆಸ್ಪತ್ರೆಗೇ ಬಂದು ನೋಡಿದರು. ಆರು ತಿಂಗಳು ಕಂತು ಕಟ್ಟಬೇಡಿ, ಅದನ್ನು ಸಾಲದ ಕೊನೆಗೆ ಸೇರಿಸುತ್ತೇವೆ, ದಂಡ ಇಲ್ಲ ಎಂದು ಬರೆದು ಸೀಲು ಹೊಡೆದು ಕೊಟ್ಟರು. ಏಪ್ರಿಲಿನಿಂದ ಒಂದು ಕಂತೂ ತಪ್ಪಿಸಿಲ್ಲ. ಆ ಕಾಗದ ತಂದು ಹುಡುಗನ ಮೂಗಿನ ಕೆಳಗೆ ಹಿಡಿದೆ.

"ಇದು ಅವ್ರು ಕೊಟ್ಟಿದ್ದು ಮೇಡಂ. ನಮ್ಮ ಸಿಸ್ಟಂನಲ್ಲಿ ಇಲ್ಲ."

"ನಿಮ್ಮ ಸಿಸ್ಟಂನಲ್ಲಿ ಇಲ್ಲಾಂದ್ರೆ ನನ್ನ ಗಂಡನಿಗೆ ಲಕ್ವ ಹೊಡೆದೇ ಇಲ್ವಾ?"

ಅವನು ತಲೆ ತಗ್ಗಿಸಿಕೊಂಡೇ ಪಾಠ ಒಪ್ಪಿಸಿದ. ಸಾಲ ಕೊಂಡ ವಿಷಯಕ್ಕೆ ಮೊದಲೇ ಕಾಗದ ಕಳಿಸಿದ್ದಾರಂತೆ. ಹೊಸ ಅಗ್ರಿಮೆಂಟಿಗೆ ಸಹಿ ಹಾಕಬೇಕು. ಬಾಕಿ, ದಂಡ ಎಲ್ಲ ಅದರಲ್ಲಿ ಸೇರುತ್ತದೆ. ಇಷ್ಟು ವರ್ಷ ಅಲುಗಾಡದೆ ಇದ್ದ ಬಡ್ಡಿ ಇನ್ನು ಮೇಲೆ ಏರುತ್ತದೆ, ಇಳಿಯುತ್ತದೆ. ಸಹಿ ಹಾಕದಿದ್ದರೆ ಕೇಸು, ಆಮೇಲೆ ಮನೆಗೆ ಬೀಗ. ಕುರ್ಚಿಯಲ್ಲಿ ಕೂತಿದ್ದ ಇವರು "ಅ… ಅದು…" ಎಂದು ಶುರು ಮಾಡಿದರು. ನೀವು ಸುಮ್ನಿರಿ, ನಾನು ಹೇಳ್ತೀನಿ ಅಂದೆ. ಹೇಳಿದೆ ಕೂಡ. ಅವನು ಕಾಫಿ ಕೂಡ ಕುಡಿಯದೆ ಓಡಿದ.

ಈ ಡೈರಿ ಕೊಟ್ಟದ್ದು ಮಾತು ಕಲಿಸುವ ಡಾಕ್ಟರಮ್ಮ. ಇವರು ದಿನಾ ಏನು ಮಾತಾಡಿದರು ಎಂದು ಬರೆಯಬೇಕಂತೆ. ಇವರ ವಾಕ್ಯ ನಾನು ಮುಗಿಸಬಾರದಂತೆ, ಕಾಯಬೇಕಂತೆ. ಮಿಲ್ಲು ನಡೆಸುವವಳಿಗೆ ಕಾಯಲು ಪುರುಸೊತ್ತು ಎಲ್ಲಿಂದ ಬರಬೇಕು? ಇವತ್ತಿನ ಇವರ ಮಾತು: "ನೀರು", "ಅ… ಅದು". ಉಳಿದ ಹಾಳೆ ಖಾಲಿ ಬಿಡುವ ಬದಲು ನನ್ನ ಹೊಟ್ಟೆಯುರಿ ಬರೆದಿದ್ದೇನೆ.

೪ ಜುಲೈ, ಭಾನುವಾರ

ಕಾಗದ ಕಳಿಸಿದ್ದೆವು ಎಂದಿದ್ದನಲ್ಲ ಆ ಭೀಮೇಶ, ನಿಜವಂತೆ. ಜೂನ್ ಕೊನೆಯಲ್ಲಿ ಒಂದು ಮಿರಮಿರ ಮಿಂಚುವ ಕವರು ಬಂದಿತ್ತು. ಪೂರ್ತಿ ಇಂಗ್ಲಿಷು. ಯಾರೋ ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎಂದು ಬರೆದಿದ್ದಾರೆ ಎಂದುಕೊಂಡು, ಹಿಂದಿನ ಮನೆ ಶರಣಮ್ಮನ ಮೆಣಸಿನ ಪುಡಿಯನ್ನು ಅದರಲ್ಲೇ ಕಟ್ಟಿಕೊಟ್ಟಿದ್ದೆ. ಇವತ್ತು ಹೋಗಿ ಕೇಳಿದರೆ ಪುಣ್ಯಾತ್ಗಿತ್ತಿ ಇನ್ನೂ ಇಟ್ಟಿದ್ದಳು. ಅವಳ ಗಂಡ ಬಸವಂತ ಸೀನುತ್ತಾ ಸೀನುತ್ತಾ ಓದಿ ಹೇಳಿದ. ಹಳೆ ಕಂಪನಿ ಮನೆ ಸಾಲದ ವ್ಯವಹಾರವನ್ನೇ ಮುಚ್ಚಿದೆಯಂತೆ, ಎಲ್ಲರ ಸಾಲವನ್ನೂ ಮೂಟೆ ಕಟ್ಟಿ ಹೊಸ ಕಂಪನಿಗೆ ಮಾರಿದೆಯಂತೆ.

ಶರಣಮ್ಮ, ಬಸವಂತ ಕುಷ್ಟಗಿ ಕಡೆಯವರು. ಅವನಿಗೆ ಬಿಟಿಎಂನಲ್ಲಿ ಒಂದು ಆಫೀಸಿನಲ್ಲಿ ಕೆಲಸ. ಹಿಂದಿನ ಎರಡು ರೂಮಿನ ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡಿದ್ದಾರೆ. ಒಟ್ಟಿಗೆ ಒಂದು ಗಂಟು ಕೊಟ್ಟಿದ್ದಾರೆ, ಬಾಡಿಗೆ ಇಲ್ಲ, ಬಿಡುವಾಗ ಗಂಟು ಪೂರ್ತಿ ವಾಪಸ್. ಆ ಗಂಟು ಇವರ ಆಸ್ಪತ್ರೆಯಲ್ಲಿ ಕರಗಿತು. ಆ ಹುಡುಗಿ ತಾಳಿ ಒಂದು ಬಿಟ್ಟು ಎಲ್ಲ ಒತ್ತೆ ಇಟ್ಟು ತಂದ ದುಡ್ಡು ಅದು ಎಂದು ಆಮೇಲೆ ಗೊತ್ತಾಯಿತು.

ಇವರ ಮಾತು: "ಉಪ್ಪು". ಸಾರಿಗೆ ಉಪ್ಪು ಹಾಕಿರಲಿಲ್ಲ, ತಲೆ ಎಲ್ಲೋ ಇತ್ತು.

೬ ಜುಲೈ, ಮಂಗಳವಾರ

ಮಿಲ್ಲಿಗೆ ಬೀಗ ಹಾಕಿ ಜಯನಗರ ನಾಲ್ಕನೇ ಬ್ಲಾಕಿಗೆ ಹೋದೆ. ಹಳೆ ಕಂಪನಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ರಾಮಯ್ಯನವರು ಎಲ್ಲಿ ಎಂದು ಕೇಳಿದರೆ ಅಂಗಡಿಯವನು ನನಗೇ ಒಂದು ಮೊಬೈಲ್ ತೋರಿಸಲು ಬಂದ. ಪಕ್ಕದ ಝೆರಾಕ್ಸಿನವರು, ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೋದರು ಎಂದರು. ಯಾವ ಊರೋ ಅವರಿಗೂ ಗೊತ್ತಿಲ್ಲ.

ಹೊಸ ಕಂಪನಿ ಎರಡನೇ ಮಹಡಿಯಲ್ಲಿ, ತಣ್ಣಗೆ. ಕೌಂಟರಿನಲ್ಲಿ ಶ್ವೇತಾ ಎಂಬ ಹುಡುಗಿ. ನಗುನಗುತ್ತಾ ಮಾತಾಡಿಸಿದಳು, ಮಾತು ಮಾತ್ರ ಅದೇ. "ಆಂಟಿ, ಹಳೇ ಕಂಪನಿ ಏನು ಒಪ್ಪಿತ್ತೋ ಅದು ಅವರಿಗೇ ಸೇರಿದ್ದು. ನೀವು ಸೈನ್ ಮಾಡ್ಬಿಟ್ರೆ ಟೆನ್ಷನ್ನೇ ಇರಲ್ಲ." ಜೂನ್ ಕಂತು ಕೂಡ ಬಂದಿಲ್ಲ ಎಂದಳು. ಪಾಸ್‌ಬುಕ್ ತೆಗೆದು ತೋರಿಸಿದೆ. ಮುಂಚೆಯೇ ಸಹಿ ಮಾಡಿ ಹಳೆ ಕಂಪನಿಗೆ ಕೊಟ್ಟಿದ್ದ ಚೆಕ್ಕುಗಳಲ್ಲಿ ಜೂನಿನದ್ದು ಪಾಸಾಗಿ ಹೋಗಿದೆ. "ಅದು ಅವರ ಹತ್ರ ಹೋಗಿದೆ ಆಂಟಿ, ನಮಗೆ ಬಂದಿಲ್ಲ." ನಾನೇನು ಇಬ್ಬರಿಗೂ ಕಟ್ಟಬೇಕಾ? ಗಂಗೆಗೂ ಗೌರಿಗೂ ಸೀರೆ ಉಡಿಸಲು ನಾನೇನು ಶಿವನಾ?

ಬಸ್ಸಿನಲ್ಲಿ ಬರುವಾಗ ಅಳು ಬಂತು. ಪಕ್ಕದವಳು ನೋಡಿದಳು. ಹಿಟ್ಟಿನ ಧೂಳು ಕಣ್ಣಿಗೆ ಬಿತ್ತು ಎಂದೆ.

ಇವರ ಮಾತು ಬರೆಯಲು ಮರೆತೆ. ಏನಾಯಿತು ಎಂದು ಕಣ್ಣಲ್ಲೇ ಕೇಳಿದರು. ಏನೂ ಇಲ್ಲ ಅಂದೆ.

೯ ಜುಲೈ, ಶುಕ್ರವಾರ

ಇವತ್ತು ನನ್ನ ಬಾಯಿಯೇ ನನ್ನನ್ನು ಉಳಿಸಿತು.

ಭೀಮೇಶ ಅಗ್ರಿಮೆಂಟನ್ನೇ ಹಿಡಿದುಕೊಂಡು ಬಂದ. ಸಹಿ ಎಲ್ಲೆಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಸಾಲದಲ್ಲಿ ಮೊದಲ ಹೆಸರು ಇವರದು, ಸಂಜೀವಯ್ಯ. ಇವರು ನನ್ನ ಮುಖ ನೋಡಿದರು. ಮನೆಗೆ ಬೀಗ ಎಂಬ ಮಾತು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ. ಎಡಗೈ ಚಾಚಿ ಪೆನ್ನು ಕೇಳಿದರು. ಭೀಮೇಶ ಕೊಟ್ಟೇಬಿಟ್ಟ. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಆಷಾಢದಲ್ಲಿ ನಾವು ಹೊಸ ಪತ್ರಕ್ಕೆ ಸಹಿ ಹಾಕೋದಿಲ್ಲ."

"ಮೇಡಂ, ಇದು ಆಫೀಸ್ ಕೆಲ್ಸ. ಮದ್ವೆ ಅಲ್ಲ."

"ಈ ಬೈಕು ಯಾವಾಗ ತಗೊಂಡೆ?"

"ಹೋದ ವರ್ಷ. ಶ್ರಾವಣದಲ್ಲಿ."

"ಆಷಾಢದಲ್ಲಿ ಯಾಕೆ ತಗೊಳ್ಲಿಲ್ಲ?"

ಅವನು ತಲೆ ಕೆರೆದುಕೊಂಡ. "ಅಮ್ಮ ಬೇಡ ಅಂದ್ರು."

"ನಿಮ್ಮಮ್ಮ ತಿಳಿದೋರು. ಕಾಫಿ ಕುಡಿ."

ಕುಡಿದ. ಅಮಾವಾಸ್ಯೆ ಕಳೀಲಿ, ಬರ್ತೀನಿ ಎಂದು ಕಾಗದ ಎತ್ತಿಕೊಂಡು ಹೋದ. ದೇವರಾಣೆ ನನಗೆ ಆಷಾಢದ ಮೇಲೆ ಅಂಥ ನಂಬಿಕೆ ಏನಿಲ್ಲ. ಈ ಮಿಲ್ಲಿನ ಮೋಟರನ್ನು ಆಷಾಢದಲ್ಲೇ ತಂದದ್ದು, ಕಡಿಮೆಗೆ ಸಿಕ್ಕಿತೆಂದು. ಒಂದು ವಾರ ಉಸಿರಾಡಲು ಸಿಕ್ಕಿತಲ್ಲ, ಅಷ್ಟೇ. ಆಮೇಲೆ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ ತಪ್ಪು ಕಾಣಿಕೆ ಹಾಕಿ ಬಂದೆ.

ಇವರ ಮಾತು: "ಪೆನ್ನು".

೧೩ ಜುಲೈ, ಮಂಗಳವಾರ

ಹಿಂದಿನ ಮನೆ ಮಾರುವುದೇ ಸರಿ. ಅದು ಸಾಲಕ್ಕೆ ಸೇರಿದ್ದಲ್ಲ, ನನ್ನ ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ಜಾಗ. ಮಾರಿ ಕಂಪನಿಯವರು ಹೇಳುವ ಬಾಕಿ, ದಂಡ ಬಿಸಾಕಿದರೆ ಈ ಮನೆಯಾದರೂ ಉಳಿಯುತ್ತದೆ. ಬ್ರೋಕರ್ ಕರೆಪ್ಪ ಬಂದು ಟೇಪು ಹಿಡಿದು ಅಳೆದ. ಶರಣಮ್ಮ ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ಬಿಂದಿಗೆ ತುಂಬಿ ನೀರು ಹೊರಗೆ ಹರಿಯುತ್ತಿದ್ದರೂ ಅವಳಿಗೆ ತಿಳಿಯಲಿಲ್ಲ.

ಅವಳ ಮುಖ ನೋಡಲಾಗದೆ ಒಳಗೆ ಬಂದೆ. ಅಪ್ಪ ಕೊಟ್ಟದ್ದು ಹೋಗುತ್ತಿದೆ. ಮಿಲ್ಲಿನಲ್ಲೂ ವ್ಯಾಪಾರ ಇಲ್ಲ. ಬರೆಯಲು ಮನಸ್ಸಿಲ್ಲ.

೧೭ ಜುಲೈ, ಶನಿವಾರ, ಭೀಮನ ಅಮಾವಾಸ್ಯೆ

ಬೆಳಿಗ್ಗೆ ಇವರನ್ನು ಕುರ್ಚಿಯಲ್ಲಿ ಕೂರಿಸಿ ಪಾದಪೂಜೆ ಮಾಡಿದೆ. ಬಲಗಾಲು ತಣ್ಣಗಿತ್ತು. ಅಮ್ಮಾ ತಾಯಿ, ಇವರನ್ನು ನನಗೆ ಉಳಿಸಿಕೊಡು, ಮನೆ ಹೋದರೆ ಹೋಗಲಿ ಎಂದುಕೊಂಡೆ. ಆಮೇಲೆ ಮನೆಯೂ ಉಳಿಯಲಿ ಎಂದು ಸೇರಿಸಿದೆ. ಕೇಳುವುದರಲ್ಲಿ ಏನು ದಾಕ್ಷಿಣ್ಯ?

ಕಡುಬು ಬೇಯುತ್ತಿರುವಾಗ ಶರಣಮ್ಮ ಬಂದು ಹೊಸ್ತಿಲ ಹತ್ತಿರ ನಿಂತಳು. ಕಣ್ಣು ಕೆಂಪಗಿದ್ದವು.

"ಅಕ್ಕಾರ, ಮನಿ ಮಾರ್ತೀರೇನ್ರಿ?"

"ಮಾರಬೇಕಾಗಿದೆ ಕಣಮ್ಮ."

"ನಾವು ರೊಕ್ಕ ಕೊಟ್ಟಿದ್ದು ನಿಮ್ಮ ಕೈಯಾಗ್ರಿ. ತಗೊಂಡ ಮಾಲಕರು ನೀವ್ಯಾರು, ನಿಮ್ಮ ರೊಕ್ಕ ನನಗ ಗೊತ್ತಿಲ್ಲ, ಹೊಂಡ್ರಿ ಅಂದ್ರ ಎಲ್ಲಿಗಿ ಹೋಗೂಣ್ರಿ?"

ನನಗೆ ಸಿಟ್ಟೇ ಬಂತು. ನಲವತ್ತೇಳು ವರ್ಷದಿಂದ ಇದೇ ಬೀದಿಯಲ್ಲಿ ಬದುಕಿದವಳು ನಾನು, ಭೋಗ್ಯದ ನ್ಯಾಯ ನನಗೆ ಗೊತ್ತಿಲ್ಲವೇ? "ಹಂಗೆ ಅನ್ನೋಕೆ ಅವರಪ್ಪನ ಮನೆ ಗಂಟಾ? ಭೋಗ್ಯದ ಮನೆ ಕೊಂಡೋನು ಭೋಗ್ಯದ ಸಮೇತ ಕೊಂಡ ಹಾಗೆ. ನಾನು ನಿಂಗೆ ಏನು ಮಾತು ಕೊಟ್ಟಿದೀನೋ ಅದೆಲ್ಲಾ ಅವನ ತಲೆ ಮೇಲೆ ಬರತ್ತೆ. ನಿನ್ನ ವಾಯಿದೆ ಮುಗಿಯೋವರೆಗೂ ನಿನ್ನ ಒಂದು ಪಾತ್ರೆ ಮುಟ್ಟೋ ಹಾಗಿಲ್ಲ ಅವನು. ಮನೆ ಮಾರಿದ್ರೆ ಮಾತೂ ಮಾರಿಹೋಗತ್ತಾ?"

ಆಗ ಇವರು ಎಡಗೈಯಲ್ಲಿ ಮೇಜು ಗುದ್ದಿದರು.

"ನಮ್…"

"ನೀರು ಬೇಕಾ?" ಎಂದೆ. ತಲೆ ಅಲ್ಲಾಡಿಸಿದರು. "ಕಡುಬು ಇನ್ನೂ ಬೆಂದಿಲ್ಲ" ಎಂದೆ. ಇನ್ನೊಂದು ಸಲ ಗುದ್ದಿದರು, ಕುಂಕುಮದ ಬಟ್ಟಲು ಉರುಳಿತು. ಇವರು ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ತಿಂಗಳಾಗಿತ್ತು! ಬೆಪ್ಪಾಗಿ ನಿಂತುಬಿಟ್ಟೆ. ಶರಣಮ್ಮನೂ ನಿಂತಳು. ಒಳಗೆ ಇಡ್ಲಿ ಪಾತ್ರೆ ಬುಸುಗುಟ್ಟುತ್ತಿತ್ತು.

"ನಮ್… ಸಾಲಾನೂ… ಹಂಗೇ… ಅಲ್ವಾ?"

ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಹೌದಲ್ಲ! ನಮ್ಮ ಸಾಲ ಕೊಂಡವನೂ ರಾಮಯ್ಯನವರ ಮಾತಿನ ಸಮೇತ ತಾನೇ ಕೊಂಡದ್ದು! ಬಡ್ಡಿ ಬದಲಾಗುವುದಿಲ್ಲ ಎಂದು ಏಳು ವರ್ಷದ ಹಿಂದೆ ಬರೆದುಕೊಟ್ಟದ್ದರ ಸಮೇತ ಕೊಂಡದ್ದು! ನಾನು ಊರಿಗೆಲ್ಲ ನ್ಯಾಯ ಹೇಳುತ್ತೇನೆ, ನನ್ನ ಮನೆಯ ವಿಷಯಕ್ಕೆ ಬುದ್ಧಿಗೆ ಮಂಕು ಕವಿದಿತ್ತು.

ಕಡುಬು ಸ್ವಲ್ಪ ಸೀದಿತು. ಮೂರೂ ಜನ ಅದನ್ನೇ ತಿಂದೆವು.

ಇವರ ಮಾತು: ಮೇಲೆ ಬರೆದಿದ್ದೇನೆ.

೧೯ ಜುಲೈ, ಸೋಮವಾರ

ಭೀಮೇಶ ಹಲ್ಲು ಕಿರಿಯುತ್ತಾ ಬಂದ. "ಮೇಡಂ, ಆಷಾಢ ಮುಗೀತು!"

"ಕ್ಯಾಲೆಂಡರ್ ನೋಡಪ್ಪ. ನೆನ್ನೆಯಿಂದ ಅಧಿಕ ಮಾಸ."

ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದ. ಪಾಪ, ಮುಖ ಇಂಗು ತಿಂದ ಮಂಗನ ಹಾಗೆ ಆಯಿತು. "ಇನ್ನೂ ಒಂದು ತಿಂಗ್ಳಾ? ಮೇಡಂ, ನಮ್ಮ ಮ್ಯಾನೇಜರ್ ನನ್ನ ಚರ್ಮ ಸುಲೀತಾರೆ."

ಅವನಿಗೆ ಕೂರಲು ಹೇಳಿದೆ. ಇವರ ಕಡೆ ನೋಡಿದೆ. ಇವರು ಕೇಳು ಎಂದು ಸನ್ನೆ ಮಾಡಿದರು. "ನಮ್ಮ ಸಾಲ ಕೊಂಡ್ರಿ ಅಂತೀಯಲ್ಲ, ಏನೇನು ಕೊಂಡ್ರಿ ಹೇಳು. ಬರೀ ವಸೂಲಿ ಕೊಂಡ್ರಾ, ಇಲ್ಲಾ ಅವರು ಒಪ್ಕೊಂಡಿದ್ದನ್ನೂ ಕೊಂಡ್ರಾ?"

"ನಂಗೇನು ಗೊತ್ತು ಮೇಡಂ. ಹೆಸರು, ಅಡ್ರೆಸ್ಸು ಕೊಡ್ತಾರೆ, ಹೋಗಿ ಸೈನ್ ಹಾಕಿಸ್ಕೊಂಡು ಬಾ ಅಂತಾರೆ. ಎಷ್ಟು ಸೈನ್ ಆಯ್ತೋ ಅಷ್ಟು ನಂಗೆ ಕಮಿಷನ್ನು." ಆಮೇಲೆ ದನಿ ತಗ್ಗಿಸಿದ. "ಗುರುವಾರ ಲೀಗಲ್ ಮೇಡಂ ಬರ್ತಾರೆ. ಕೌಂಟರ್‌ನಲ್ಲಿ ಕೇಳ್ಬೇಡಿ, ಅವ್ರನ್ನೇ ಕೇಳಿ. ನಾನು ಹೇಳ್ದೆ ಅನ್ಬೇಡಿ. ಆದ್ರೆ ಅವ್ರೂ ಸೈನ್ ಹಾಕಿ ಅಂದ್ರೆ, ಮುಂದಿನ ವಾರ ನೋಟೀಸ್ ಬರತ್ತೆ. ಅದು ಮಾತ್ರ ಸತ್ಯ."

ಕರೆಪ್ಪ ಗಿರಾಕಿ ಸಿಕ್ಕಿದ್ದಾರೆ, ಟೋಕನ್ ಅಡ್ವಾನ್ಸ್ ತಗೊಳ್ಳಿ ಎಂದು ಹೇಳಿ ಕಳಿಸಿದ್ದಾನೆ. ಗುರುವಾರದ ತನಕ ತಡಿ ಎಂದಿದ್ದೇನೆ.

ಇವರ ಮಾತು: "ನಾನೂ ಬರ್ತೀನಿ." ಎಲ್ಲಿಗೆ? ಎರಡನೇ ಮಹಡಿಗಾ? ಬೇಡ ಎಂದೆ. "ಬರ್ತೀನಿ" ಎಂದರು. ಹಟ.

೨೨ ಜುಲೈ, ಗುರುವಾರ

ಆಟೋದಿಂದ ಇಳಿಸಿ, ಲಿಫ್ಟ್ ಎಲ್ಲಿ ಎಂದರೆ ರಿಪೇರಿ ಎಂದರು. ಮೆಟ್ಟಿಲು. ಇವರು ಎಡಗೈಯಲ್ಲಿ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಹತ್ತಿದರು. ನಡುವೆ ಕೂತರು. ವಾಪಸ್ ಹೋಗೋಣ ಎಂದೆ. ಗುರಾಯಿಸಿದರು. ಮದುವೆಯಾದ ಹೊಸದರಲ್ಲಿ ಹೀಗೆ ಗುರಾಯಿಸುತ್ತಿದ್ದರು. ಅಂಗಿಯೆಲ್ಲ ಬೆವರಾಗಿತ್ತು, ಆ ತಣ್ಣನೆಯ ಆಫೀಸಿನೊಳಗೆ ಹೋದಾಗ ನಡುಗಿದರು, ನನ್ನ ಸೆರಗನ್ನೇ ಹೊದಿಸಿದೆ.

ಲೀಗಲ್ ಮೇಡಂ ಹೆಸರು ಕಮಲಾದೇವಿ. ನನ್ನ ವಯಸ್ಸಿನವರೇ, ದಪ್ಪ ಕನ್ನಡಕ. ಶ್ವೇತಾ ನಮ್ಮ ಫೈಲು ತಂದು ಪಕ್ಕದಲ್ಲಿ ನಿಂತಳು. ನಾನು ಮಾತು ಶುರು ಮಾಡಬೇಕು, ಇವರು ನನ್ನ ಮೊಣಕೈ ಹಿಡಿದರು. ತಾವೇ ಹೇಳುತ್ತಾರಂತೆ.

"ಮನೆ… ಮನೆ ಕೊಂಡೋನು…"

"ಮನೆ ಮೇಲೆ ಲೋನ್ ತಗೊಂಡಿದ್ರು ಮೇಡಂ, ಸಿಕ್ಸ್ ಮಂತ್ಸ್ ಕಟ್ಟಿಲ್ಲ" ಎಂದು ಶ್ವೇತಾ ನಡುವೆ ಬಾಯಿ ಹಾಕಿದಳು.

ನನಗೆ ನಖಶಿಖಾಂತ ಉರಿಯಿತು. "ಇರಮ್ಮ ತಾಯಿ, ಅವ್ರಿಗೆ ಬಾಯಿದೆ. ಅವ್ರೇ ಹೇಳ್ತಾರೆ. ಅಷ್ಟು ಕಾಯೋಕಾಗ್ದೆ ಇದ್ರೆ ಹೋಗಿ ಕಾಫಿ ಕುಡ್ಕೊಂಡು ಬಾ." ಈಗಿನ ಹುಡುಗಿಯರಿಗೆ ಎಷ್ಟು ಅವಸರವೋ, ಇನ್ನೊಬ್ಬರ ಮಾತನ್ನು ತಾವೇ ಆಡಿ ಮುಗಿಸಿಬಿಡುತ್ತಾರೆ.

ಕಮಲಾದೇವಿಯವರು ಪೆನ್ನು ಕೆಳಗಿಟ್ಟರು. ಇವರು ಮತ್ತೆ ಮೊದಲಿಂದ ಶುರು ಮಾಡಿದರು. ಪಕ್ಕದ ಮೇಜಿನವರೂ ತಿರುಗಿ ನೋಡುತ್ತಿದ್ದರು. ನಾನು ನನ್ನ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತೆ.

"ಮನೆ ಕೊಂಡೋನು… ಭೋಗ್ಯದೋರ್ನ… ಬೀದಿಗೆ ಹಾಕಲ್ಲ. ಸಾಲ ಕೊಂಡೋರು… ನೀವು. ರಾಮಯ್ಯ ಕೊಟ್ಟ ಮಾತನ್ನ… ಹೆಂಗಮ್ಮಾ… ಬೀದಿಗೆ ಹಾಕ್ತೀರಿ?"

ಕಮಲಾದೇವಿಯವರು ರಾಮಯ್ಯನವರ ಕಾಗದ ತೆಗೆದುಕೊಂಡು ಎರಡು ಸಲ ಓದಿದರು. ಏಳು ವರ್ಷದ ಹಿಂದಿನ ಸಾಲದ ಪತ್ರ ಓದಿದರು. ಎದ್ದು ಒಳಗೆ ಹೋಗಿ ಎರಡು ಕಂಪನಿಗಳ ನಡುವಿನ ಮಾರಾಟದ ಪತ್ರ ತರಿಸಿ ಅದನ್ನೂ ಓದಿದರು. ಅಷ್ಟು ಹೊತ್ತು ನಾನು ನೆನೆಯದ ದೇವರಿಲ್ಲ.

"ಸಂಜೀವಯ್ಯನವರೇ, ನೀವು ಹೇಳಿದ್ದು ಸರಿ" ಎಂದರು. ನನಗಲ್ಲ, ಇವರಿಗೆ. "ಸಾಲ ಮಾರೋಕೆ ಹಳೇ ಕಂಪನಿಗೆ ನಿಮ್ಮ ಒಪ್ಪಿಗೆ ಬೇಕಾಗಿರ್ಲಿಲ್ಲ, ಅದು ನಿಜ. ಆದ್ರೆ ಕೊಂಡೋರು ಇದ್ದ ಹಾಗೇ ಕೊಳ್ಳಬೇಕು. ಬಡ್ಡಿ, ಗಡುವು, ಅವರು ಬರೆದುಕೊಟ್ಟ ವಿನಾಯಿತಿ, ಎಲ್ಲಾ ನಮ್ಮ ಮೇಲೂ ಬರತ್ತೆ. ಆರು ತಿಂಗಳು ಬಾಕಿನೇ ಅಲ್ಲ. ನಮ್ಮ ಕಾಗದ ನಿಮ್ಮ ಕೈ ಸೇರೋ ಮೊದ್ಲು ಹಳಬರಿಗೆ ಹೋದ ಜೂನ್ ಕಂತು, ಅದೂ ಕಟ್ಟಿದ ಲೆಕ್ಕನೇ. ಅದನ್ನ ಅವರಿಂದ ಇಸ್ಕೊಳ್ಳೋದು ನಮ್ಮ ಪಾಡು."

"ಹೊಸ ಅಗ್ರಿಮೆಂಟು?" ಎಂದೆ.

"ಬೇಕಾಗಿಲ್ಲ. ಹಾಕಲೇಬೇಕು ಅಂತ ಯಾರೂ ಬಲವಂತ ಮಾಡೋ ಹಾಗಿಲ್ಲ. ಸದ್ಯ, ನೀವು ಸಹಿ ಹಾಕಿಲ್ಲ. ಹಾಕಿದ್ದಿದ್ರೆ ಹಳೇ ಷರತ್ತೆಲ್ಲ ಅಳಿಸಿಹೋಗ್ತಿತ್ತು, ನಾನು ಏನೂ ಮಾಡೋಕಾಗ್ತಿರ್ಲಿಲ್ಲ. ಯಾಕೆ ಹಾಕ್ಲಿಲ್ಲ?"

"ಆಷಾಢ" ಎಂದರು ಇವರು. ತಡವರಿಸದೆ.

ಆ ಗಂಭೀರ ಹೆಂಗಸು ಕನ್ನಡಕ ತೆಗೆದು ನಕ್ಕುಬಿಟ್ಟರು.

ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡಿ ಎಂದು ನಾನು ಪಟ್ಟು ಹಿಡಿದೆ. ಹೆಡ್ ಆಫೀಸಿನವರು ಒಪ್ಪಿ ಸಹಿ ಹಾಕಬೇಕಂತೆ, ಒಂದು ವಾರವಂತೆ. ಮನೆಯ ಮೂಲ ಪತ್ರಗಳು ಯಾರ ಹತ್ತಿರ ಇವೆ ಎಂಬುದನ್ನೂ ಅದರಲ್ಲೇ ಬರೆಯುತ್ತಾರಂತೆ. ಇಳಿಯುವಾಗ ಇವರು ನನ್ನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದರು. ಆಟೋದವನು ಮೀಟರ್ ಮೇಲೆ ಕೇಳಿದ. ನಾನು ಹಾಳಾಗಿ ಹೋಗಲಿ ಎಂದು ಕೊಡಲು ಹೋದರೆ ಇವರು ಬಿಡಲಿಲ್ಲ. "ಯಾಕ್… ಕೊಡ್ಬೇಕು?" ಎಂದು ಬಾಗಿಲಲ್ಲಿ ನಿಂತು ಅವನ ಹತ್ತಿರ ವಾದ. ಅವನೇ ಸೋತು ಹೋದ. ಎಷ್ಟು ಮಾತಪ್ಪ ಇವರಿಗೆ!

೨೬ ಜುಲೈ, ಸೋಮವಾರ

ಕಾಗದ ಬಂದಿಲ್ಲ. ಹೆಡ್ ಆಫೀಸಿನವರು ಒಪ್ಪದಿದ್ದರೆ? ಪೋಸ್ಟಿನವನ ಸೈಕಲ್ ಬೆಲ್ ಕೇಳಿದರೆ ಕೈಯಲ್ಲಿದ್ದ ಡಬ್ಬ ಅಲ್ಲೇ ಬಿಟ್ಟು ಓಡುತ್ತೇನೆ. ಕರೆಪ್ಪ ಎರಡು ಸಲ ಬಂದು ಹೋದ.

ಈ ನಡುವೆ ಇವರದು ಒಂದು ಹೊಸ ಹುಚ್ಚು. ಬ್ಯಾಂಕಿಗೆ ಹೋಗಬೇಕಂತೆ, ಎಡಗೈ ಸಹಿಯನ್ನು ಬ್ಯಾಂಕಿನ ಪುಸ್ತಕಕ್ಕೆ ಏರಿಸಬೇಕಂತೆ. ಖಾತೆ ಇಬ್ಬರ ಹೆಸರಿನಲ್ಲಿದೆ, ಲಕ್ವ ಹೊಡೆದಾಗಿನಿಂದ ಎಲ್ಲದಕ್ಕೂ ನನ್ನ ಸಹಿಯೇ ನಡೆಯುತ್ತಿದೆ, ಈಗೇನು ಕಡಿಮೆಯಾಗಿದೆ? ಕರೆದುಕೊಂಡು ಹೋದೆ. ಬ್ಯಾಂಕಿನವರು ಕುರ್ಚಿ ಕೊಟ್ಟು ಚೆನ್ನಾಗಿ ನೋಡಿಕೊಂಡರು. ಮನೆಗೆ ಬಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಬರೆದು ರೂಢಿ ಮಾಡುತ್ತಿದ್ದಾರೆ. ಕೋಳಿ ಕೆದರಿದ ಹಾಗಿದೆ, ಹಾಗೆಂದು ಹೇಳಿದ್ದಕ್ಕೆ ನನ್ನ ಅಕ್ಷರವನ್ನು ಆಡಿಕೊಂಡರು.

೩೦ ಜುಲೈ, ಶುಕ್ರವಾರ

ಬಂತು! ಬಂತು! ಬಂತು!

ಪೋಸ್ಟಿನಲ್ಲಿ ಅಲ್ಲ, ಭೀಮೇಶನೇ ತಂದ. ಬೈಕಿನಿಂದ ಇಳಿಯುವಾಗಲೇ "ಮೇಡಂ, ಗೆದ್ಬಿಟ್ರಿ!" ಎಂದು ಕೂಗಿದ. ಮೋಟರಿನ ಸದ್ದಿನಲ್ಲೂ ಕೇಳಿಸಿತು. ಸಾಲಿನಲ್ಲಿದ್ದವರಿಗೂ ಕೇಳಿಸಲಿ ಎಂದು ಇನ್ನೊಂದು ಸಲ ಹೇಳಿಸಿದೆ. ಬಸವಂತ ಕೆಲಸಕ್ಕೆ ಹೊರಟಿದ್ದವನು ನಿಂತು ಪೂರ್ತಿ ಓದಿದ. ಆರು ತಿಂಗಳ ವಿನಾಯಿತಿಯನ್ನು ಒಪ್ಪಿದ್ದಾರೆ. ದಂಡ ಇಲ್ಲ. ಬಡ್ಡಿ ಹಳೆಯದೇ, ಕೊನೆಯ ಕಂತಿನ ತನಕ. ಜೂನ್ ಕಂತು ಜಮಾ ಆಗಿದೆ. ಮನೆಯ ಮೂಲ ಪತ್ರಗಳು ಅವರ ಲಾಕರಿನಲ್ಲಿ ಭದ್ರವಾಗಿವೆ. ಕೆಳಗೆ ಸಹಿ, ಸೀಲು.

ನಾನು ಮಿಲ್ಲಿನ ಮೂಲೆಗೆ ಹೋಗಿ ಗೋಡೆಗೆ ಹಣೆ ಇಟ್ಟು ಜೋರಾಗಿ ಅತ್ತೆ. ಮೋಟರು ಓಡುತ್ತಿತ್ತು, ಯಾರಿಗೂ ಕೇಳಲಿಲ್ಲ. ಕರೆಪ್ಪನಿಗೆ ಟೇಪು ಮಡಚಿ ಇಟ್ಟುಕೋ, ಮನೆ ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ. ಶರಣಮ್ಮ ಓಡಿ ಬಂದು ನನ್ನ ಕಾಲಿಗೆ ಬಿದ್ದಳು. ಎದ್ದೇಳೇ ಮಾರಾಯ್ತಿ, ಬೀಳುವುದಿದ್ದರೆ ಒಳಗೆ ಕೂತಿದ್ದಾರಲ್ಲ, ಅವರ ಕಾಲಿಗೆ ಬೀಳು ಎಂದೆ.

ಹಳೆ ಕಂಪನಿಯ ಹತ್ತಿರ ಉಳಿದಿದ್ದ ನಮ್ಮ ಚೆಕ್ಕುಗಳನ್ನೂ ಭೀಮೇಶ ವಾಪಸ್ ತಂದಿದ್ದ. ಅವನ ಎದುರಿಗೇ ಒಂದೊಂದಾಗಿ ಹರಿದು ಹಾಕಿದೆ, ಏನು ಸುಖವಾಯಿತು! ಇನ್ನು ಹೊಸ ಕಂಪನಿಯ ಹೆಸರಿಗೆ ಹೊಸ ಚೆಕ್ಕು ಕೊಡಬೇಕು, ಅದು ನ್ಯಾಯವೇ. ಚೆಕ್ ಪುಸ್ತಕ ತಂದೆ. ಇವರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಎಡಗೈಯಲ್ಲಿ ಪೆನ್ನು ಹಿಡಿದರು. ನಾನು ಹೋಗಿ ಮೋಟರು ನಿಲ್ಲಿಸಿದೆ.

ಒಂದು ಚೆಕ್ಕಿಗೆ ಸಹಿಯಾಗುವಷ್ಟರಲ್ಲಿ ಭೀಮೇಶನ ಕಾಫಿ ಮುಗಿಯಿತು. ಎರಡನೆಯದಕ್ಕೆ ಅವನು ಗಡಿಯಾರ ನೋಡಿದ. "ಮೇಡಂ, ಇನ್ನೂ ನಾಲ್ಕು ಮನೆಗೆ ಹೋಗ್ಬೇಕು. ಇಬ್ರಲ್ಲಿ ಯಾರ್ ಹಾಕಿದ್ರೂ ನಡೆಯತ್ತೆ. ನೀವೇ ಹಾಕ್ಬಿಡಿ."

"ಸಾಲ ತೀರೋಕೆ ಇನ್ನೂ ವರ್ಷಗಟ್ಟಲೆ ಇದೆ. ನಿಂಗೆ ಏನಪ್ಪಾ ಅಷ್ಟು ಅವಸರ? ಕೂತ್ಕೋ."

ಹೊರಗೆ ಡಬ್ಬ ಇಟ್ಟುಕೊಂಡವರು ಗೊಣಗಲು ಶುರು ಮಾಡಿದರು. ಮುನಿಯಕ್ಕನಂತೂ ಬಾಗಿಲಿಗೇ ಬಂದು, "ಏನ್ ತಿಮ್ಮಕ್ಕಾ, ಕರೆಂಟು ಹೋಯ್ತಾ? ನಮ್ಮನೇಲಿ ಹಿಟ್ಟಿಲ್ಲ, ಮಧ್ಯಾಹ್ನಕ್ಕೆ ಮುದ್ದೆ ಕಟ್ಟಬೇಕು" ಎಂದಳು. ಇವರು ತಲೆ ಎತ್ತಲಿಲ್ಲ. ನಾಲಿಗೆ ಕಚ್ಚಿಕೊಂಡು "ಸಂಜೀ" ಬರೆದು, ಉಸಿರು ತೆಗೆದುಕೊಂಡು "ವಯ್ಯ" ಬರೆಯುತ್ತಿದ್ದರು.

ಕರೆಂಟು ಇದೆ, ಸ್ವಲ್ಪ ತಡಿ ಎಂದೆ. ಇವರು ಕೊನೆಯ ಚೆಕ್ಕು ಮುಗಿಸಿ ಪೆನ್ನಿನ ಮುಚ್ಚಳ ಹಾಕುವವರೆಗೂ ನಾನು ಮೋಟರು ಹಾಕಲಿಲ್ಲ. ಹಾಕಿದರೆ ಮೇಜು ಅದುರುತ್ತದೆ.